ಟೊಳ್ಳು ಮರದ ತುಂಬು ಸಂಸಾರ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಕಾಕ್ ಅಬ್ಬೆ ಎಂಬ ಹಳೆಯ ಬಂಗಲೆಯೊಂದಿದೆ. ಅದರ ಸುತ್ತಲಿನ ವಿಶಾಲ ಹುಲ್ಲುಬಯಲಿನಲ್ಲಿ ನಿಂತಿರುವ ಒಂದು ಓಕ್ ಮರಕ್ಕೆ ಸಾವಿರ ವರ್ಷ ದಾಟಿದೆ ಎಂದು ಅಂದಾಜು. ಅಲ್ಲಿನ ಜನ ಅದನ್ನು ಕರೆಯುವುದೇ ‘ಕಾಕ್‌ನ ಮುದುಕ’ ಎಂದು. ಸಾವಿರ ವರ್ಷದ ಮರವೆಂದರೆ ಮುಗಿಲು ಮುಟ್ಟಿರುತ್ತದೆ ಎಂದುಕೊಂಡು ಹೋದರೆ ಎದುರಾಗುವುದು ಕುಳ್ಳಗಿನ, ಮೈಯೆಲ್ಲ ಗಂಟುಗಂಟಾದ, ಐದಾರು ಜನ ಕೈಕೈ ಹಿಡಿದರಷ್ಟೇ ತಬ್ಬಲು ಸಿಗುವ ಬುಡ.

ಇಂಥ ಮುದಿ ಓಕ್‌ಗಳ ಬಳಿ ನಿಧಾನವಾಗಿ ನಡೆಯಬೇಕು. ನೆತ್ತಿಯ ಕೊಂಬೆಗಳು ಒಣಗಿ ಜಿಂಕೆಯ ಕೋಡಿನಂತೆ ಚಾಚಿಕೊಂಡಿರುತ್ತವೆ. ಅದನ್ನು ನೋಡಿ ಮರ ಸಾಯುತ್ತಿದೆ ಎನ್ನುವಂತಿಲ್ಲ. ವಯಸ್ಸಾದ ಓಕ್ ತನ್ನ ಸಂಸಾರವನ್ನು ಚಿಕ್ಕದು ಮಾಡಿಕೊಳ್ಳುತ್ತದೆ: ಅಷ್ಟೆತ್ತರಕ್ಕೆ ನೀರೇರಿಸುವ ಶ್ರಮ ಬಿಟ್ಟು, ಕೆಳಗಿನ ಕೊಂಬೆಗಳಲ್ಲಿ ಹೊಸ ಚಿಗುರು ಹೊಮ್ಮಿಸಿ, ಅಲ್ಲೇ ಇನ್ನೂ ಒಂದೆರಡು ಶತಮಾನ ಬದುಕುತ್ತದೆ.

ಪೊಟರೆಯೊಳಗೆ ಇಣುಕಿದರೆ ಹಳೆಯ ಮಣ್ಣಿನ, ಅಣಬೆಯ ವಾಸನೆ. ಒಳಗೋಡೆಯ ಕಟ್ಟಿಗೆ ಕೆಂಪು ಕಂದು, ಬೆಲ್ಲದ ಅಚ್ಚು ಒಡೆದ ಹಾಗೆ ಚೌಕ ಚೌಕವಾಗಿ ಬಿರುಕುಬಿಟ್ಟಿರುತ್ತದೆ. ಒಂದು ಚೂರನ್ನು ಬೆರಳ ನಡುವೆ ಹಿಚುಕಿದರೆ ಸಾಕು, ಕಾಫಿಪುಡಿಯಂತೆ ಉದುರುತ್ತದೆ. ಓಕ್‌ನ ಚೇಗನ್ನು ಹೀಗೆ ಪುಡಿ ಮಾಡುವವುಗಳಲ್ಲಿ ಒಂದು ಶಿಲೀಂಧ್ರದ ಅಣಬೆ ಹಸಿ ಯಕೃತ್ತಿನ ತುಂಡಿನಂತಿರುತ್ತದೆ. ಕುಯ್ದರೆ ಕೆಂಪು ರಸ ಒಸರುತ್ತದೆ. ಅದು ಕಟ್ಟಿಗೆಯಲ್ಲಿನ ಸೆಲ್ಯುಲೋಸ್ ಅನ್ನು ತಿಂದು, ಕಂದು ಬಣ್ಣದ ಲಿಗ್ನಿನ್ ಅನ್ನು ಬಹುಪಾಲು ಹಾಗೇ ಬಿಡುತ್ತದೆ. ಉಳಿದ ಆ ಲಿಗ್ನಿನ್ನೇ ನಮ್ಮ ಬೆರಳಿಗಂಟುವ ಕೆಂಪು ಪುಡಿ.

ಹೊಟ್ಟೆ ಹೀಗೆ ಕರಗಿಹೋದ ಮರ ನಿಲ್ಲುವುದಾದರೂ ಹೇಗೆ? ಚೇಗು ಎಂದೋ ಸತ್ತ ಕಟ್ಟಿಗೆ. ಓಕ್‌ನಲ್ಲಿ ಎಲೆಗಳಿಗೆ ನೀರು ಏರುವುದು ತೊಗಟೆಯ ಅಡಿಯ ತೆಳು ಪದರದಲ್ಲಿ. ಅದು ಆರೋಗ್ಯವಾಗಿದ್ದರೆ ಒಳಗಿನದು ಹೋದರೂ ಮರಕ್ಕೆ ಬಾಯಾರಿಕೆಯಿಲ್ಲ. ಗಾಳಿಯ ಹೊಡೆತಕ್ಕೆ ಎದುರು ನಿಲ್ಲುವ ಶಕ್ತಿಯೂ ಹೆಚ್ಚಾಗಿ ಹೊರಸುತ್ತಿನದೇ. ಕಾಂಡದ ತ್ರಿಜ್ಯದಲ್ಲಿ ಒಳಗಿನ ಅರ್ಧ ಪೂರ್ತಿ ಟೊಳ್ಳಾಯಿತು ಎಂದಿಟ್ಟುಕೊಳ್ಳಿ. ಕಾಂಡದ ತೂಕದಲ್ಲಿ ಕಾಲು ಪಾಲು ಹೋಯಿತು. ಆದರೆ ಬಾಗದೆ ನಿಲ್ಲುವ ಬಿಗಿತದಲ್ಲಿ ಹೋದದ್ದು ಹದಿನಾರರಲ್ಲಿ ಒಂದು ಪಾಲು, ಶೇ. 6ರಷ್ಟು ಮಾತ್ರ. ಬಿದಿರು ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಇನ್ನೂ ಸೋಜಿಗವೆಂದರೆ, ಕೆಲವು ಮುದಿ ಮರಗಳು ತಮ್ಮ ಪೊಟರೆಯೊಳಗೇ ಬೇರು ಇಳಿಬಿಟ್ಟು, ಕೊಳೆತ ತಮ್ಮದೇ ಚೇಗಿನ ಸಾರವನ್ನು ಹೀರಿಕೊಳ್ಳುತ್ತವೆ.

ಬ್ರಿಟನ್ನಿನಲ್ಲಿ ಓಕ್ ಅನ್ನು ಒಂದಲ್ಲ ಒಂದು ರೀತಿಯಲ್ಲಿ ಆಶ್ರಯಿಸಿರುವ ಜೀವಿಗಳು ಸುಮಾರು 2,300 ಪ್ರಭೇದ. ಅವುಗಳಲ್ಲಿ 326ಕ್ಕೆ ಓಕ್ ಬಿಟ್ಟರೆ ಬೇರೆ ಗತಿಯಿಲ್ಲ. ಎಳೆಯ ಮರ ಎಷ್ಟೇ ಹಸಿರಾಗಿದ್ದರೂ ಈ ಬಳಗವನ್ನೆಲ್ಲ ಸಾಕಲಾರದು. ಕೊಳೆತ ಕಟ್ಟಿಗೆಯಲ್ಲಿ ಮರಿಹುಳುವಾಗಿ ವರ್ಷಗಟ್ಟಲೆ ಕಳೆಯುವ ದುಂಬಿಗಳಿಗೆ, ಬಾವಲಿಗೆ, ಗೂಬೆಗೆ ಬೇಕಾದದ್ದು ಪೊಟರೆ. ಇಂಥ ದುಂಬಿಗಳಲ್ಲಿ ಕೆಲವು ದೂರ ಹಾರುವುದಿಲ್ಲ. ಹಿಯರ್‌ಫರ್ಡ್‌ಶೈರ್‌ನ ಮೊಕಸ್ ಎಂಬ ಜಿಂಕೆಬನದ ಹೆಸರನ್ನೇ ಹೊತ್ತ ಪುಟ್ಟ ದುಂಬಿಯೊಂದಿದೆ. ಬ್ರಿಟನ್ನಿನಲ್ಲಿ ಅದರ ನೆಲೆಯೆಂದು ಗೊತ್ತಿರುವುದು ಅದೊಂದೇ ಬನ. ಹಳೆಯ ಮರ ಬೀಳುವ ಮೊದಲೇ ಪಕ್ಕದ ಮರಕ್ಕೆ ವಯಸ್ಸಾಗಿರಬೇಕು. ಈ ಸರಪಣಿ ಒಮ್ಮೆ ತುಂಡಾದರೆ ದುಂಬಿಯ ಕಥೆ ಮುಗಿಯಿತು.

ಈ ಸರಪಣಿ ಜಹಗೀರುಗಳ ಆವರಣದಲ್ಲಿ ಉಳಿದದ್ದಕ್ಕೆ ಬೇಟೆ ಕಾರಣ. ಅರಸರು, ಪ್ರಭುಗಳು ಜಿಂಕೆ ಸಾಕಲು ಬೇಲಿ ಹಾಕಿದ ಬನಗಳಲ್ಲಿ ಓಕ್‌ಗಳು ಬಿಡಿಬಿಡಿಯಾಗಿ, ಬಿಸಿಲುಂಡು ಬೆಳೆದವು. ಜಿಂಕೆಯ ಬಾಯಿಗೆ ಎಟುಕದ ಎತ್ತರದಲ್ಲಿ ಅವುಗಳ ತಲೆ ಸವರಿ ಸೊಪ್ಪು, ಸೌದೆ ತೆಗೆಯುತ್ತಿದ್ದರು. ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟದಲ್ಲಿ ಅಡಿಕೆ ತೋಟಕ್ಕೆಂದು ಕೊಂಬೆ ಸವರುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಸವರಿದ ಮರ ಕುಳ್ಳಾಗಿ ಗಾಳಿಗೆ ಸಿಕ್ಕುವುದು ಕಡಿಮೆ. ಹಡಗಿಗೆ, ತೊಲೆಗೆ ಬೇಕಾದ ನೇರ ದಿಮ್ಮಿಯೂ ಅದರಿಂದ ಸಿಗದು. ಹಾಗಾಗಿ ಕೊಡಲಿ ಅವುಗಳನ್ನು ಬಿಟ್ಟು ಮುಂದೆ ಹೋಯಿತು.

ಕಾಕ್‌ನ ಜಮೀನನ್ನು ಹಾರ್ಪರ್ ಮನೆತನ ಕೊಂಡದ್ದು 1622ರಲ್ಲಿ. ಈಗಿನ ಬಂಗಲೆ 1701ರಿಂದ 1704ರ ನಡುವೆ ಎದ್ದಿತು. ಜನರ ಸಂಗ ಬಯಸದ ಮನೆತನವದು. ಸರ್ ವಾನ್ಸಿ ಹಾರ್ಪರ್ ಕ್ರೂ (1846–1924) ಆವರಣದೊಳಗೆ ಮೋಟಾರು ಕಾರು ಬರಕೂಡದೆಂದು ಕಟ್ಟು ಮಾಡಿದ್ದರು; ಬಂಗಲೆಗೆ ವಿದ್ಯುತ್ ಬಂದದ್ದು 1962ರಲ್ಲಿ. ತೆರಿಗೆಯ ಭಾರ ತಾಳಲಾಗದೆ 1985ರಲ್ಲಿ ಅದು ಇಂಥ ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಸೇರಿತು. ಸರ್ ವಾನ್ಸಿಗೆ ಹಕ್ಕಿ, ಚಿಟ್ಟೆ, ಮೊಟ್ಟೆ ಸಂಗ್ರಹಿಸುವ ಗೀಳು. ಕೋಣೆ ಕೋಣೆಗಳಲ್ಲಿ ಇಂದಿಗೂ ಗಾಜಿನ ಪೆಟ್ಟಿಗೆಯೊಳಗೆ ಹುಲ್ಲು ತುಂಬಿದ ಹಕ್ಕಿಗಳು ಕಣ್ಣು ಬಿಟ್ಟುಕೊಂಡು ಕೂತಿವೆ. ನನ್ನ ಮಟ್ಟಿಗೆ ಆ ಮನೆಯ ದೊಡ್ಡ ಸಂಗ್ರಹ ಕಿಟಕಿಯಾಚೆಗಿದೆ. ಅಲ್ಲಿ ಬಿದ್ದ ಕೊಂಬೆಯನ್ನು ಬಿದ್ದಲ್ಲೇ ಬಿಡುತ್ತಾರೆ. ಒಣಮರದ ದುಂಬಿಗಳ ನೆಲೆಯಾಗಿ ಈ ಬನಕ್ಕೆ ಇಡೀ ದೇಶದಲ್ಲೇ ಮನ್ನಣೆಯಿದೆ.

ಚಿಂತೆಯಿರುವುದು ನಡುವಯಸ್ಸಿನ ಮರಗಳ ಬಗ್ಗೆ. ಮುದುಕರಿದ್ದಾರೆ, ಸಸಿಗಳಿವೆ, ನಡುವಿನ ತಲೆಮಾರು ಹಲವು ಬನಗಳಲ್ಲಿ ತೆಳ್ಳಗಾಗಿದೆ. ಅದಕ್ಕೇ ಸ್ವೀಡನ್, ನಾರ್ವೆ, ಇಂಗ್ಲೆಂಡ್‌ಗಳಲ್ಲಿ ಎಳೆಯ ಓಕ್‌ಗಳಿಗೆ ಬೇಕೆಂದೇ ಗಾಯ ಮಾಡಿ, ಪೊಟರೆ ಬೇಗ ಮೂಡುತ್ತದೆಯೇ ಎಂದು ನೋಡುತ್ತಿದ್ದಾರೆ. ಸ್ವೀಡನ್‌ನಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಮರದ ಪೆಟ್ಟಿಗೆಗಳಲ್ಲಿ ಓಕ್ ಹೊಟ್ಟು, ಓಕ್ ಎಲೆ, ಒಣಹುಲ್ಲು ತುಂಬಿ, ಕೆಲವಕ್ಕೆ ಸತ್ತ ಕೋಳಿಯನ್ನೂ ಸೇರಿಸಿ ಮರಗಳಿಗೆ ಕಟ್ಟಿದರು. ಪೊಟರೆಯ ದುಂಬಿಗಳು ಕೆಲವೇ ವರ್ಷಗಳಲ್ಲಿ ಬಂದು ಮನೆ ಹೂಡಿದವು. ಆದರೆ ಹಳೆಯ ಟೊಳ್ಳು ಮರಗಳಿಂದ ದೂರದಲ್ಲಿದ್ದ ಪೆಟ್ಟಿಗೆಗಳಿಗೆ ಬಂದವು ಕಡಿಮೆ.

ಓಕ್‌ನಲ್ಲಿ ಪೊಟರೆ ತಾನಾಗಿ ಮೂಡಲು ಸಾಮಾನ್ಯವಾಗಿ ಇನ್ನೂರು ಮುನ್ನೂರು ವರ್ಷ ಬೇಕು. ಇವತ್ತು ನೆಟ್ಟು, ಜಿಂಕೆ ಬಾಯಿ ಹಾಕದಂತೆ ಕಟಾಂಜನ ಕಟ್ಟಿದ ಸಸಿಯ ಹೊಟ್ಟೆ ಟೊಳ್ಳಾಗುವುದು 2225 ದಾಟಿದ ಮೇಲೆ. ಅಲ್ಲಿಯವರೆಗೆ ಕಾಕ್‌ನ ಮುದುಕ ನಿಂತಿರಬೇಕು.