ಎಣ್ಣೆ, ತುಪ್ಪ ಮತ್ತು ಕ್ಯಾಲೊರಿಯ ಲೆಕ್ಕ

ತೂಕ ಇಳಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೈಬಿಡುವುದು ತುಪ್ಪ, ಬೆಣ್ಣೆ ಮತ್ತು ಕರಿದ ತಿಂಡಿಗಳನ್ನು. ಮೈಯಲ್ಲಿ ಸೇರಿರುವುದು ಕೊಬ್ಬು, ತಟ್ಟೆಯಲ್ಲಿ ಕಾಣುವುದೂ ಕೊಬ್ಬು. ಎರಡನೆಯದನ್ನು ನಿಲ್ಲಿಸಿದರೆ ಮೊದಲನೆಯದು ತಾನಾಗಿ ಕರಗೀತು ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸಿದರೂ ದೇಹದ ವ್ಯವಹಾರ ಅಷ್ಟು ನೇರವಾಗಿಲ್ಲ. ಅನ್ನ, ಸಕ್ಕರೆಗಳನ್ನು ಅಗತ್ಯಕ್ಕಿಂತ ಹೆಚ್ಚಾಗಿ ಉಂಡ ದಿನ ದೇಹವು ಮೊದಲು ಅವುಗಳನ್ನು ಉರಿಸಿ, ಅದೇ ಊಟದಲ್ಲಿ ಬಂದ ಕೊಬ್ಬನ್ನು ಖರ್ಚು ಮಾಡದೆ ಶೇಖರಿಸಿಡುತ್ತದೆ. ಹೀಗಾಗಿ ತುಪ್ಪವನ್ನು ಮುಟ್ಟದವರ ತೂಕವೂ ಏರುವುದು ಸಾಧ್ಯ. ತೂಕದ ಏರಿಳಿತವನ್ನು ನಿರ್ಧರಿಸುವುದು ದೇಹಕ್ಕೆ ಬಂದ ಒಟ್ಟು ಶಕ್ತಿಗೂ ಖರ್ಚಾದ ಒಟ್ಟು ಶಕ್ತಿಗೂ ಇರುವ ಅಂತರ, ಮತ್ತು ಆ ಶಕ್ತಿಯನ್ನು ಅಳೆಯುವ ಮಾನವೇ ಕ್ಯಾಲೊರಿ.

ಒಂದು ಕಿಲೋಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವನ್ನು ಕಿಲೋಕ್ಯಾಲೊರಿ ಎನ್ನುತ್ತಾರೆ. ಆಹಾರದ ವಿಷಯದಲ್ಲಿ ಜನ ಬರಿದೇ ಕ್ಯಾಲೊರಿ ಎನ್ನುವುದು ಇದನ್ನೇ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ರಸಾಯನವಿಜ್ಞಾನಿ ವಿಲ್ಬರ್ ಅಟ್‌ವಾಟರ್ ಅವರು 1890ರ ದಶಕದಲ್ಲಿ ಭೌತವಿಜ್ಞಾನಿ ಎಡ್ವರ್ಡ್ ರೋಸಾ ಅವರ ಜೊತೆಗೂಡಿ ಒಂದು ಪುಟ್ಟ ಕೋಣೆಯನ್ನು ಕಟ್ಟಿಸಿ, ಅದರೊಳಗೆ ಮನುಷ್ಯರನ್ನು ದಿನಗಟ್ಟಲೆ ಇರಿಸಿ, ಅವರು ಉಂಡದ್ದು, ವಿಸರ್ಜಿಸಿದ್ದು, ಉಸಿರಾಡಿದ ಗಾಳಿ, ಮೈಯಿಂದ ಹೊರಬಿದ್ದ ಶಾಖ ಎಲ್ಲವನ್ನೂ ಅಳೆದರು. ಇಂದಿಗೂ ಬಳಕೆಯಲ್ಲಿರುವ ಲೆಕ್ಕ ಅವರ ಸಂಶೋಧನೆಗಳಿಂದಲೇ ಬಂದದ್ದು: ಒಂದು ಗ್ರಾಂ ಕಾರ್ಬೊಹೈಡ್ರೇಟ್, ಎಂದರೆ ಪಿಷ್ಟ ಮತ್ತು ಸಕ್ಕರೆಯ ಅಂಶ, 4 ಕ್ಯಾಲೊರಿ ನೀಡುತ್ತದೆ, ಪ್ರೋಟೀನ್ ಕೂಡ 4 ನೀಡುತ್ತದೆ, ಕೊಬ್ಬು ಮಾತ್ರ 9 ನೀಡುತ್ತದೆ. ಇವು ಸರಾಸರಿಗಳೇ ಹೊರತು ಪ್ರತಿ ತುತ್ತಿಗೂ ಒಪ್ಪುವ ಸಂಖ್ಯೆಗಳಲ್ಲ. ಇಡೀ ಬಾದಾಮಿಯನ್ನು ಎಷ್ಟೇ ಅಗಿದರೂ ಅದರ ಕೊಬ್ಬಿನ ಒಂದು ಭಾಗ ಜೀವಕೋಶಗಳ ಗೋಡೆಯೊಳಗೇ ಉಳಿದು ಜೀರ್ಣವಾಗದೆ ಹೊರಹೋಗುವುದರಿಂದ, ಪಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ ಎಂದು ನಮೂದಾಗಿದ್ದ 28 ಗ್ರಾಂ ಬಾದಾಮಿಯಿಂದ ದೇಹಕ್ಕೆ ಸಿಗುವುದು 130ರ ಆಸುಪಾಸು ಮಾತ್ರ ಎಂದು 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ತೋರಿಸಿದರು. ಆದ್ದರಿಂದ ಮೊಬೈಲ್ ಆ್ಯಪ್‌ಗಳು ಬಿಡಿ ಅಂಕಿಯವರೆಗೆ ತೋರಿಸುವ ಕ್ಯಾಲೊರಿ ಲೆಕ್ಕವನ್ನು ಅಂದಾಜೆಂದು ಭಾವಿಸುವುದೇ ಸರಿ.

ಕೊಬ್ಬಿನ ವಿಶೇಷವಿರುವುದು ಅದರ ಸಾಂದ್ರತೆಯಲ್ಲಿ. ಅಷ್ಟೇ ತೂಕದ ಪಿಷ್ಟಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿಯನ್ನು ಅದು ಹೊತ್ತಿರುವುದಲ್ಲದೆ, ತಟ್ಟೆಯಲ್ಲಿ ಜಾಗ ಹಿಡಿಯದೆ, ಹೊಟ್ಟೆ ತುಂಬಿದ ಭಾವವನ್ನೂ ಆ ಶಕ್ತಿಗೆ ತಕ್ಕಷ್ಟು ಕೊಡದೆ ಒಳಸೇರುತ್ತದೆ. ಚೆನ್ನಾಗಿ ಪಳಗಿದ ಕಾವಲಿಯ ಮೇಲೆ ದೋಸೆ ಹುಯ್ದು ಸುತ್ತಲೂ ಒಂದು ಟೀ ಚಮಚ ಎಣ್ಣೆ ಬಿಟ್ಟರೆ ಸೇರುವುದು ಸುಮಾರು 40 ಕ್ಯಾಲೊರಿ. ಅದನ್ನೇ ಬಾಟಲಿಯಿಂದ ಧಾರೆಯಾಗಿ ಸುರಿದಾಗ ಸಲೀಸಾಗಿ ಮೂರು ಚಮಚವಾಗುತ್ತದೆ, ಮತ್ತು ದೋಸೆಯ ಗಾತ್ರದಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ದಾವಣಗೆರೆಯ ಬೆಣ್ಣೆ ದೋಸೆಯ ಮೇಲಿಟ್ಟ ಬೆಣ್ಣೆಯ ಮುದ್ದೆ 15 ಗ್ರಾಂ ತೂಗಿದರೂ ಅದೊಂದರಿಂದಲೇ ನೂರು ಕ್ಯಾಲೊರಿ ಮೀರುತ್ತದೆ.

ಹೀಗೆ ಎಣ್ಣೆ, ತುಪ್ಪ, ಬೆಣ್ಣೆಯ ರೂಪದಲ್ಲಿ ಕಣ್ಣಿಗೆ ಬೀಳುವುದನ್ನು ಪೌಷ್ಟಿಕತಜ್ಞರು ಗೋಚರ ಕೊಬ್ಬು ಎಂದೂ, ಕಾಳು, ಬೀಜ, ಹಾಲು, ಮಾಂಸಗಳಲ್ಲಿ ಅಡಗಿರುವುದನ್ನು ಅಗೋಚರ ಕೊಬ್ಬು ಎಂದೂ ವಿಂಗಡಿಸುತ್ತಾರೆ. ನೂರು ಗ್ರಾಂ ಹಸಿ ತೆಂಗಿನಕಾಯಿಯಲ್ಲಿ ಸುಮಾರು 33 ಗ್ರಾಂ ಕೊಬ್ಬಿದೆ. ಶೇಂಗಾದಲ್ಲಿ 40ರಿಂದ 50 ಗ್ರಾಂ. ಕರಾವಳಿಯ ತೆಂಗಿನ ಮಸಾಲೆಯ ಗಸಿಗಾಗಲಿ, ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ಬಡಿಸುವ ಶೇಂಗಾ ಹಿಂಡಿಗಾಗಲಿ ಇದರಿಂದ ಕಳಂಕವೇನೂ ಬರುವುದಿಲ್ಲ. ಆದರೆ ಒಗ್ಗರಣೆಯ ಎಣ್ಣೆಯನ್ನು ಮಾತ್ರ ಎಣಿಸಿ, ರುಬ್ಬಿದ ಕಾಯನ್ನು ತರಕಾರಿಯ ಲೆಕ್ಕಕ್ಕೆ ಸೇರಿಸಿದರೆ ಲೆಕ್ಕ ತಪ್ಪುತ್ತದೆ.

ತಿನ್ನುವ ಪ್ರತಿಯೊಂದನ್ನೂ ತೂಗುವುದು ಹೆಚ್ಚಿನ ಮನೆಗಳಲ್ಲಿ ನಡೆಯುವ ಕೆಲಸವಲ್ಲ. ಎಣ್ಣೆಯ ಲೆಕ್ಕವಾದರೋ ಕಿರಾಣಿ ಚೀಟಿಯಲ್ಲೇ ಸಿಗುತ್ತದೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಎಂದರೆ ಅದರಲ್ಲಿ 8,000 ಕ್ಯಾಲೊರಿಗೂ ಮಿಗಿಲಾದ ಶಕ್ತಿಯಿದೆ. ನಾಲ್ವರ ಮನೆಯಲ್ಲಿ ತಿಂಗಳಿಗೆ ಆರು ಲೀಟರ್ ಖರ್ಚಾದರೆ ತಲೆಗೆ ದಿನವೊಂದಕ್ಕೆ ಸರಿಸುಮಾರು 45 ಗ್ರಾಂ, ಅಂದರೆ 400 ಕ್ಯಾಲೊರಿ ಎಣ್ಣೆಯಿಂದಲೇ ಬಂದಂತಾಯಿತು. ಅದನ್ನು ನಾಲ್ಕು ಲೀಟರಿಗೆ ಇಳಿಸಿದರೆ ಒಬ್ಬೊಬ್ಬರಿಗೂ ದಿನಕ್ಕೆ 135 ಕ್ಯಾಲೊರಿಯಷ್ಟು ಕಡಿಮೆಯಾಗುತ್ತದೆ, ಮತ್ತು ಇದು ವಯಸ್ಕರೊಬ್ಬರು ಸುಮಾರು ಅರ್ಧ ಗಂಟೆ ಬಿರುಸಾಗಿ ನಡೆದಾಗ ಖರ್ಚಾಗುವ ಶಕ್ತಿಗೆ ಸಮ. ಬಾಣಲೆಯಲ್ಲಿ ಉಳಿದು ಚೆಲ್ಲಿದ ಎಣ್ಣೆಯನ್ನು ಕಳೆಯಬೇಕು, ಹೋಟೆಲಿನಲ್ಲಿ ತಿಂದದ್ದನ್ನು ಕೂಡಿಸಬೇಕು ಎಂಬುದು ನಿಜವಾದರೂ, ಸಾಮಾನ್ಯ ಕುಟುಂಬಕ್ಕೆ ಇಷ್ಟು ಸುಲಭವಾಗಿ ಕೈಗೆಟುಕುವ ಮತ್ತೊಂದು ಅಳತೆ ಇರಲಾರದು. ಹಾಲಿನ ವಿಷಯವೂ ಹೀಗೆಯೇ: ಟೋನ್ಡ್ ಹಾಲಿನಲ್ಲಿ ಶೇ 3ರಷ್ಟು, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6ರಷ್ಟು ಕೊಬ್ಬು ಇರಬೇಕೆಂಬುದು ನಿಯಮವಾಗಿರುವುದರಿಂದ, ಅರ್ಧ ಲೀಟರ್ ಪ್ಯಾಕೆಟ್‌ಗಳ ನಡುವೆ ಸುಮಾರು 15 ಗ್ರಾಂ ಕೊಬ್ಬಿನ ವ್ಯತ್ಯಾಸ ಬೀಳುತ್ತದೆ.

ಹಾಗೆಂದು ಪೊಟ್ಟಣದ ಮೇಲೆ ‘ಲೋ ಫ್ಯಾಟ್’ ಎಂದು ಬರೆದಿರುವುದನ್ನೆಲ್ಲ ನಿಶ್ಚಿಂತೆಯಿಂದ ತಿನ್ನಬಹುದೆಂದಲ್ಲ. ಅಮೆರಿಕದ ಸೆನೆಟ್ ಸಮಿತಿಯೊಂದು 1977ರಲ್ಲಿ ಕೊಬ್ಬನ್ನು ಕಡಿಮೆ ಮಾಡಬೇಕೆಂದು ಸಲಹೆ ನೀಡಿದ ನಂತರದ ದಶಕಗಳಲ್ಲಿ ಅಲ್ಲಿನ ಮಾರುಕಟ್ಟೆಗೆ ಕೊಬ್ಬಿಲ್ಲದ ಬಿಸ್ಕತ್ತು, ಕೇಕುಗಳು ಬಂದವು. ಕೊಬ್ಬು ಹೋದ ಜಾಗಕ್ಕೆ ಸಕ್ಕರೆ ಮತ್ತು ಮೈದಾ ಬಂದಿದ್ದರಿಂದ ಒಟ್ಟು ಕ್ಯಾಲೊರಿ ಹೆಚ್ಚೇನೂ ತಗ್ಗಲಿಲ್ಲ, ಬೊಜ್ಜಿನ ಪ್ರಮಾಣವಂತೂ ಏರುತ್ತಲೇ ಹೋಯಿತು. ಇದಕ್ಕೆ ಪ್ರತಿಕ್ರಿಯೆಯಾಗಿ ಅನ್ನ, ಬ್ರೆಡ್ಡುಗಳನ್ನೇ ಅಪರಾಧಿಗಳೆನ್ನುವ ಪಂಥವೂ ಬಲವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ಮತ್ತು ಸಂಗಡಿಗರು 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಿಮೆ ಕೊಬ್ಬಿನ, ಮತ್ತೊಂದಕ್ಕೆ ಕಡಿಮೆ ಕಾರ್ಬೊಹೈಡ್ರೇಟ್‌ನ ಆಹಾರಕ್ರಮವನ್ನು ಸೂಚಿಸಿ ಒಂದು ವರ್ಷ ಗಮನಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಗುಂಪಿನವರು ಸರಾಸರಿ 5.3 ಕಿಲೋ, ಎರಡನೆಯವರು 6 ಕಿಲೋ ಇಳಿದಿದ್ದರು, ಮತ್ತು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಾಗಿರಲಿಲ್ಲ. ಎರಡೂ ಗುಂಪುಗಳಿಗೆ ತರಕಾರಿಯನ್ನು ಹೆಚ್ಚಿಸಿ, ಸಕ್ಕರೆ ಮತ್ತು ಮೈದಾವನ್ನು ತಗ್ಗಿಸಲು ಹೇಳಲಾಗಿತ್ತೆಂಬುದನ್ನು ಈ ವಾಗ್ವಾದದಲ್ಲಿ ಎರಡೂ ಪಕ್ಷದವರು ಮರೆಯುತ್ತಾರೆ.

ಯಾವ ಕೊಬ್ಬು ಒಳ್ಳೆಯದು ಎಂಬ ಪ್ರಶ್ನೆಯನ್ನು ತೂಕದ ಪ್ರಶ್ನೆಯೊಂದಿಗೆ ಬೆರೆಸುವುದರಿಂದಲೂ ಸಾಕಷ್ಟು ಗೊಂದಲ ಹುಟ್ಟಿದೆ. ತುಪ್ಪ, ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಗಾಣದ ಶೇಂಗಾ ಎಣ್ಣೆ ಎಲ್ಲಕ್ಕೂ ಗ್ರಾಂ ಒಂದಕ್ಕೆ ಒಂಬತ್ತೇ ಕ್ಯಾಲೊರಿ. ದುಬಾರಿ ಎಣ್ಣೆ ತೂಕವನ್ನು ಇಳಿಸುವುದಿಲ್ಲ. ಇವುಗಳ ನಡುವಣ ಭೇದ ಮುಖ್ಯವಾಗಿ ಹೃದಯ ಮತ್ತು ರಕ್ತನಾಳಗಳಿಗೆ ಸಂಬಂಧಿಸಿದ್ದು. ಸಾಮಾನ್ಯ ತಾಪದಲ್ಲಿ ಗಟ್ಟಿಯಾಗುವ ಪರ್ಯಾಪ್ತ ಕೊಬ್ಬು ಅಧಿಕವಾದಾಗ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ವನಸ್ಪತಿಯಂಥವುಗಳಲ್ಲಿ ಉಂಟಾಗುವ ಟ್ರಾನ್ಸ್ ಕೊಬ್ಬು ಇನ್ನೂ ಹಾನಿಕರವಾದ್ದರಿಂದ ಭಾರತದಲ್ಲಿ 2022ರಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದರ ಪ್ರಮಾಣ ಶೇ 2ನ್ನು ಮೀರಬಾರದೆಂದು ನಿಗದಿಯಾಗಿದೆ. ಎಣ್ಣೆಯ ಪ್ಯಾಕೆಟ್ ಮೇಲಿನ ‘ಕೊಲೆಸ್ಟರಾಲ್ ರಹಿತ’ ಎಂಬ ಘೋಷಣೆಗೆ ಮಾತ್ರ ಮರುಳಾಗಬೇಕಿಲ್ಲ: ಕೊಲೆಸ್ಟರಾಲ್ ಪ್ರಾಣಿಜನ್ಯ ಆಹಾರದ ಅಂಶವಾಗಿದ್ದು, ಸಸ್ಯಜನ್ಯ ಎಣ್ಣೆಯಲ್ಲಿ ಅದು ಗಣನೆಗೆ ಬರುವಷ್ಟು ಎಂದೂ ಇರುವುದಿಲ್ಲ.

ಕೊಬ್ಬನ್ನು ಪೂರ್ತಿ ತೊರೆಯುವುದು ಇನ್ನೊಂದು ಬಗೆಯ ಅವಿವೇಕ. ದೇಹವು ತಾನೇ ತಯಾರಿಸಿಕೊಳ್ಳಲಾರದ ಲಿನೊಲೆಯಿಕ್ ಮತ್ತು ಆಲ್ಫಾ ಲಿನೊಲೆನಿಕ್ ಆಮ್ಲಗಳು ಆಹಾರದಿಂದಲೇ ಬರಬೇಕು. ಎ, ಡಿ, ಇ, ಕೆ ಜೀವಸತ್ವಗಳು ಕೊಬ್ಬಿಲ್ಲದೆ ಸರಿಯಾಗಿ ಹೀರಲ್ಪಡುವುದಿಲ್ಲ. ಹರಿವೆ ಸೊಪ್ಪಿನ ಪಲ್ಯಕ್ಕೆ ಹಾಕುವ ಒಗ್ಗರಣೆಯಿಂದ ರುಚಿಯಷ್ಟೇ ಅಲ್ಲದೆ, ಸೊಪ್ಪಿನಲ್ಲಿರುವ ಕ್ಯಾರೊಟಿನ್ ದೇಹಕ್ಕೆ ದಕ್ಕುವ ಅನುಕೂಲವೂ ಇದೆ. ಕೊಬ್ಬು ತೀರ ಕಡಿಮೆಯಿರುವ ಆಹಾರದಿಂದ ತೂಕವನ್ನು ಅವಸರದಲ್ಲಿ ಇಳಿಸಿದವರಲ್ಲಿ ಪಿತ್ತಕೋಶದಲ್ಲಿ ಕಲ್ಲುಗಳಾಗುವ ಸಂಭವ ಹೆಚ್ಚು. ಕೊಬ್ಬಿನಿಂದ ಬರುವ ಶಕ್ತಿ ಒಟ್ಟು ಶಕ್ತಿಯ ಶೇ 30ನ್ನು ಮೀರದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತದಲ್ಲಿ ಪೊಟ್ಟಣಗಳ ಮೇಲಿನ ಪಟ್ಟಿಗೆ ಆಧಾರವಾಗಿರುವ 2,000 ಕ್ಯಾಲೊರಿ ಮತ್ತು 67 ಗ್ರಾಂ ಕೊಬ್ಬು ಎಂಬ ದಿನದ ಮಿತಿಯೂ ಇದೇ ಪ್ರಮಾಣದ್ದು. ಆ 67 ಗ್ರಾಂನಲ್ಲಿ ಗೋಚರ, ಅಗೋಚರ ಎರಡೂ ಸೇರಿವೆ.

ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುವುದರಿಂದ, ದಿನಕ್ಕೆ 500 ಕ್ಯಾಲೊರಿ ಕಡಿಮೆ ಉಂಡರೆ ವಾರಕ್ಕೆ ಅರ್ಧ ಕಿಲೋದಂತೆ ಇಳಿಯುತ್ತಲೇ ಹೋಗಬೇಕೆಂಬ ಗಣಿತ ಪ್ರಚಾರದಲ್ಲಿದೆ. ಆರಂಭದ ವಾರಗಳಲ್ಲಿ ಅದು ಹೆಚ್ಚುಕಡಿಮೆ ನಿಜವಾದರೂ, ತೂಕ ಇಳಿದಂತೆ ದೇಹದ ಖರ್ಚೂ ತಗ್ಗಿ, ಹಸಿವು ಏರಿ, ಇಳಿಕೆಯ ವೇಗ ಮಂದವಾಗುತ್ತದೆ. ಮೂರ್ನಾಲ್ಕು ತಿಂಗಳ ಬಳಿಕ ತಕ್ಕಡಿಯ ಮುಳ್ಳು ನಿಂತಲ್ಲೇ ನಿಂತರೆ ಅದನ್ನು ಪ್ರಯತ್ನದ ಸೋಲೆಂದು ತಿಳಿದು ಊಟವನ್ನು ಮತ್ತಷ್ಟು ಕತ್ತರಿಸುವುದು ಸರಿಯಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಊಟವನ್ನು ತಗ್ಗಿಸಬಾರದು.