ಹೆರಾಲ್ಡ್ ನಿಂತರೆ ಮೊದಲು ಕಾರ್ಬೊರೇಟರ್ ಬಿಚ್ಚಬೇಡಿ

1962ರಲ್ಲಿ ಇಂಗ್ಲೆಂಡಿನ ಟ್ರಯಂಫ್ ಕಂಪನಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ರಸ್ತೆಗಿಳಿಸಿತು. ಅದರ ಚಾಸಿ ಅದೇ ಕಂಪನಿಯ ಹೆರಾಲ್ಡ್ ಕಾರಿನದೇ, ಉದ್ದ ಕಡಿಮೆ ಮಾಡಿದ್ದು. ಎರಡರ ಮೈಕಟ್ಟನ್ನೂ ರೂಪಿಸಿದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಎಂಜಿನ್ನೂ ಒಂದೇ ವಂಶದ್ದು: ಮೊದಲ ಹೆರಾಲ್ಡಿಗೆ 948 ಸಿಸಿ, ಸ್ಪಿಟ್‌ಫೈರ್‌ಗೆ 1147 ಸಿಸಿ ಮತ್ತು ಎರಡು ಕಾರ್ಬೊರೇಟರ್. ಆ ಹೆರಾಲ್ಡ್ 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಊರುಗಳಿಗೂ ಬಂತು. ಹೀಗಾಗಿ ಹೆರಾಲ್ಡಿನ ಮೇಲೆ ಕೈ ಪಳಗಿಸಿಕೊಂಡ ಹುಬ್ಬಳ್ಳಿ-ಧಾರವಾಡದ ಮಿಸ್ತ್ರಿಗೆ ಸ್ಪಿಟ್‌ಫೈರಿನ ರೋಗವೂ ಗೊತ್ತು, ಮದ್ದೂ ಗೊತ್ತು. ಕಾರಿನ ಜೊತೆಗೇ ಕೆಲವು ನಂಬಿಕೆಗಳೂ ಗ್ಯಾರೇಜಿನಿಂದ ಗ್ಯಾರೇಜಿಗೆ ಬಂದಿವೆ. ಅವುಗಳಿಂದಾಗಿ ಒಳ್ಳೆಯ ಎಂಜಿನ್ನುಗಳು ಗುಜರಿ ಸೇರುತ್ತಿರುವುದು ನನಗೆ ಸಂಕಟದ ವಿಷಯ.

"ಕಾರ್ಬೊರೇಟರ್‌ದಾಗ ಕಸ ಕುಂತೈತ್ರಿ ಸಾಹೇಬ್ರ, ಬಿಚ್ಚಿ ತೊಳದ್ರ ಎಲ್ಲಾ ಸರಿ ಹೋಗ್ತೈತಿ."

ಎಲ್ಲಕ್ಕಿಂತ ಹೆಚ್ಚು ಹಬ್ಬಿರುವ ನಂಬಿಕೆ ಇದು. ಏಪ್ರಿಲ್ ತಿಂಗಳ ಮಧ್ಯಾಹ್ನ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಗಾಡಿ ಉಣಕಲ್ ದಾಟುವವರೆಗೆ ಚೆನ್ನಾಗಿ ಓಡಿ, ನವಲೂರಿನ ಹತ್ತಿರ ಎರಡು ಸಲ ಜಗ್ಗಿ ನಿಲ್ಲುತ್ತದೆ. ಅರ್ಧ ತಾಸು ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಪೆಟ್ರೋಲ್ ಕಾದು ಆವಿಯಾಗಿ ಪೈಪಿನಲ್ಲಿ ಗಾಳಿ ಕಟ್ಟಿತು ಎಂದು ಪಂಪಿನ ಮೇಲೆ ಹಸಿ ಅರಿವೆ ಹಾಕುತ್ತಾರೆ, ಗಾಡಿ ಹೊರಡುತ್ತದೆ, ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಆವಿ ಕಟ್ಟುವುದು ಸುಳ್ಳಲ್ಲ, ಕಡು ಬೇಸಿಗೆಯಲ್ಲಿ ಅದೂ ಆಗುತ್ತದೆ. ಆದರೆ ಅರಿವೆ ಒದ್ದೆ ಮಾಡಿ ಹಾಕಿ ಕಾಯುವಷ್ಟರಲ್ಲಿ ಪಂಪಿನ ಜೊತೆಗೆ ಇಗ್ನಿಷನ್ ಕಾಯಿಲ್ಲೂ ಕಂಡೆನ್ಸರೂ ತಣ್ಣಗಾಗಿರುತ್ತವೆ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಕೆಲಸ ಮಾಡುವುದು ಈ ಎರಡರ ಹಳೆಯ ಚಾಳಿ.

ಯಾವುದು ನಿಜವೆಂದು ತಿಳಿಯಬೇಕಾದರೆ ಗಾಡಿ ನಿಂತ ಜಾಗದಲ್ಲೇ, ಅದು ತಣ್ಣಗಾಗುವ ಮೊದಲೇ ನೋಡಬೇಕು. ಡಿಸ್ಟ್ರಿಬ್ಯೂಟರಿನ, ಅಂದರೆ ಗ್ಯಾರೇಜಿನಲ್ಲಿ ಎಲ್ಲರೂ ಡೆಲ್ಕೊ ಎನ್ನುವ ಡಬ್ಬಿಯ, ನಡುವಿನ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಎಂಜಿನ್ನಿನ ಕಬ್ಬಿಣದಿಂದ ಐದಾರು ಮಿಲಿಮೀಟರ್ ದೂರದಲ್ಲಿಡಿ. ಹತ್ತಿರದಲ್ಲಿ ಎಲ್ಲೂ ಪೆಟ್ರೋಲ್ ಸೋರಿರಬಾರದು. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟಚಟ ಎಂದು ಜಿಗಿದರೆ ಕಾಯಿಲ್ ಮತ್ತು ಕಂಡೆನ್ಸರ್ ಸರಿ ಇವೆ, ಆಮೇಲೆ ಬೇಕಾದರೆ ಪೆಟ್ರೋಲಿನ ಕಡೆ ತಿರುಗಬಹುದು. ಹಳದಿ ಬಣ್ಣದ ನಿತ್ರಾಣ ಕಿಡಿ ಬಂದರೆ, ಇಲ್ಲವೆ ಕಿಡಿಯೇ ಬರದಿದ್ದರೆ, ಕಾರ್ಬೊರೇಟರನ್ನು ನೂರು ಸಲ ತೊಳೆದರೂ ಫಲವಿಲ್ಲ. ಡೆಲ್ಕೊ ಮುಚ್ಚಳ ತೆಗೆದು ಕಾಂಟ್ಯಾಕ್ಟ್ ಪಾಯಿಂಟಿನ ಸಂದು ನೋಡಿ: 0.015 ಇಂಚು, ಅಂದರೆ ಸುಮಾರು 0.4 ಮಿಲಿಮೀಟರ್ ಇರಬೇಕು. ಪಾಯಿಂಟು ಬಿಡುವಾಗ ಅಲ್ಲೇ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಮುಗಿದಿದೆ ಎಂದು ತಿಳಿಯಿರಿ. ತೀರಾ ಅಗ್ಗದ ಭಾಗ ಅದು. ಅದನ್ನು ಬದಲಿಸುವ ಬದಲು ಇಡೀ ಕಾರ್ಬೊರೇಟರ್ ಬಿಚ್ಚಿ, ಹಿತ್ತಾಳೆಯ ಜೆಟ್ಟಿಗೆ ತಂತಿ ತೂರಿಸಿ, ರಂಧ್ರ ದೊಡ್ಡದು ಮಾಡಿ, ಹೊಸ ರೋಗ ಹಚ್ಚುವುದೇ ಹೆಚ್ಚು.

"ಬ್ಯಾಟರಿ ಹೋಗೈತಿ, ಹೊಸಾದು ಹಾಕಸ್ರಿ."

ಹೊಸದು ಹಾಕಿಸಿದರೂ ಸೆಲ್ಫ್ ತಿಣುಕುತ್ತಲೇ ಇರುತ್ತದೆ. ಎಂಜಿನ್ನು ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ನಡುವೆ ಕರೆಂಟು ಹರಿಯಲು ಒಂದು ಹೆಣೆದ ಪಟ್ಟಿ ಇರುತ್ತದೆ. ಧಾರವಾಡದ ಮಳೆಗಾಲವನ್ನು ಶೆಡ್ಡಿನಲ್ಲಿ ಕಳೆದ ಗಾಡಿಯಲ್ಲಿ ಆ ಪಟ್ಟಿ ಹಸಿರು ಕಿಲುಬು ಹಿಡಿದಿರುತ್ತದೆ, ಇಲ್ಲವೆ ಹಿಂದಿನ ರಿಪೇರಿಯಲ್ಲಿ ಕಳೆದೇ ಹೋಗಿರುತ್ತದೆ. ಆಗ ಸ್ಟಾರ್ಟರಿನ ಭಾರೀ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಕೈಸುಡುವಷ್ಟು ಕಾದರೆ ಕಾರಣ ಇದೇ.

ಇದನ್ನು ಪತ್ತೆ ಮಾಡಲು ಸಾದಾ ಮಲ್ಟಿಮೀಟರ್ ಸಾಕು. ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥಿಂಗ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಉಜ್ಜಿದ ಕಬ್ಬಿಣಕ್ಕೆ ಒತ್ತಿ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ತಪ್ಪು ಅರ್ಥಿಂಗಿನದು. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಕೊಡುತ್ತದೆ. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗಿಳಿದರೆ ಬ್ಯಾಟರಿಯನ್ನು ಅನುಮಾನಿಸಬಹುದು.

ಚಂದಕ್ಕೆಂದು ಪೇಂಟ್ ಹೊಡೆಸಿದ ಮೇಲೆ ಲೈಟುಗಳೆಲ್ಲ ಮಂಕಾಗುವುದೂ ಅರ್ಥಿಂಗಿನ ತಪ್ಪಿನಿಂದಲೇ. ಹೆರಾಲ್ಡಿನ ಬಾಡಿಯನ್ನು ಭಾಗ ಭಾಗವಾಗಿ ಬೋಲ್ಟು ಹಾಕಿ ಚಾಸಿಯ ಮೇಲೆ ಕೂರಿಸಿದ್ದಾರೆ. ಪ್ರತಿ ಸಂದಿಗೂ ಪೇಂಟು ತುಂಬಿದರೆ ಕರೆಂಟು ಮರಳುವ ದಾರಿ ಮುಚ್ಚಿತು. ಎಡಗಡೆಯ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಮಿಣುಕುತ್ತದೆಯೇ? ವೈರಿಂಗ್ ಕಿತ್ತೆಸೆಯಬೇಡಿ, ಆ ಲೈಟಿನ ಬುಡದ ಸ್ಕ್ರೂ ಉಜ್ಜಿ.

ಬ್ರಿಟಿಷ್ ಲೂಕಾಸ್ ಕಂಪನಿಯ ವೈರಿಂಗ್ ಹುಟ್ಟಾ ಕೆಟ್ಟದ್ದು ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಅದರಷ್ಟು ಓದಲು ಸುಲಭವಾದ ವೈರಿಂಗ್ ಕಡಿಮೆ. ಕಂದು ಬಣ್ಣದ್ದು ಸದಾ ಕರೆಂಟಿರುವ ವೈರು, ಬಿಳಿ ಚಾವಿ ತಿರುಗಿಸಿದ ಮೇಲೆ, ನೀಲಿ ಹೆಡ್‌ಲೈಟು, ಕೆಂಪು ಪಾರ್ಕಿಂಗ್ ಮತ್ತು ಹಿಂದಿನ ಲೈಟು, ಕಪ್ಪು ಅರ್ಥಿಂಗು. ಅದನ್ನು ಕೆಡಿಸಿದ್ದು, ಎಲ್ಲಕ್ಕೂ ಒಂದೇ ಸುರುಳಿಯ ಕೆಂಪು ವೈರು ಎಳೆದು ಟೇಪು ಸುತ್ತಿದ ನಮ್ಮ ಕೈಗಳು. ಫ್ಯೂಸಿನದೂ ಹಾಗೆಯೇ. ಹಳೆಯ ಲೂಕಾಸ್ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಸುಟ್ಟುಹೋಗುವ ಆಂಪಿಯರು, ಸತತವಾಗಿ ತಡೆಯುವುದು 17.5 ಮಾತ್ರ. ಅಲ್ಲಿ ಈಗಿನ 35 ಆಂಪಿಯರ್ ಫ್ಯೂಸು ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಸುಡುತ್ತದೆ.

ಬ್ಯಾಟರಿ ಕೂರಿಸುವ ಮೊದಲು ಇನ್ನೊಂದನ್ನು ಖಾತ್ರಿ ಮಾಡಿಕೊಳ್ಳಿ. ನೆಗೆಟಿವ್ ಕಂಬವೇ ಅರ್ಥಿಂಗ್ ಎಂಬುದು ಎಲ್ಲ ಕಾರಿಗೂ ಸಲ್ಲದು. ಮೊದಲೆರಡು ಮಾದರಿಯ ಸ್ಪಿಟ್‌ಫೈರ್‌ಗಳಲ್ಲಿ ಪಾಸಿಟಿವ್ ಕಂಬ ಚಾಸಿಗೆ ಹೋಗುತ್ತಿತ್ತು, 1967ರ ಮೂರನೇ ಮಾದರಿಯಿಂದ ಅದು ಬದಲಾಯಿತು.

"ಥರ್ಮೋಸ್ಟಾಟ್ ತಗದ್ ಒಗೀರಿ, ಗಾಡಿ ತಣ್ಣಗಿರತೈತಿ."

ಅಂಕೋಲೆಯಿಂದ ಮರಳುವಾಗ ಅರಬೈಲ್ ಘಾಟಿ ಏರುತ್ತಾ ಕುದಿಯುವ ಗಾಡಿಗಳಿಗೆಲ್ಲ ಸಿಗುವ ಸಲಹೆ ಇದು. ಥರ್ಮೋಸ್ಟಾಟ್ ಸುಮಾರು 82 ಡಿಗ್ರಿಗೆ ಬಾಯಿ ತೆರೆಯುತ್ತದೆ. ಅದಕ್ಕೆ ಮುಂಚೆ ನೀರನ್ನು ರೇಡಿಯೇಟರಿಗೆ ಬಿಡದೆ ಎಂಜಿನ್ನನ್ನು ಬೇಗ ಬಿಸಿ ಮಾಡುವುದೇ ಅದರ ಕೆಲಸ. ಕಿತ್ತು ಹಾಕಿದರೆ ಎಂಜಿನ್ನು ಬಹಳ ಹೊತ್ತು ತಣ್ಣಗೇ ಓಡುತ್ತದೆ, ಸುಡದ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲ್ ತೊಳೆಯುತ್ತದೆ, ಆಯಿಲಿನೊಳಗಿನ ನೀರಿನಂಶ ಹೋಗದೆ ಕೆಸರಾಗುತ್ತದೆ. ಸವೆತ ಮಾತ್ರ ಸದ್ದಿಲ್ಲದೆ ಹೆಚ್ಚುತ್ತದೆ. ಕುದಿಯುವುದಕ್ಕೆ ನಿಜವಾದ ಕಾರಣ ಸಾಮಾನ್ಯವಾಗಿ ರೇಡಿಯೇಟರಿನೊಳಗೇ ಇರುತ್ತದೆ. ವರ್ಷಗಟ್ಟಲೆ ಗಡಸು ಬೋರ್‌ವೆಲ್ ನೀರು ಹಾಕಿದರೆ, ಬಚ್ಚಲ ಹಂಡೆಯೊಳಗೆ ಕಟ್ಟುವಂಥ ಬಿಳಿ ಪದರು ಅದರ ಕೊಳವೆಗಳನ್ನೂ ಮುಚ್ಚುತ್ತದೆ. ರೇಡಿಯೇಟರ್ ಬಿಚ್ಚಿಸಿ ರಾಡ್ ಹೊಡೆಸಿ, ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದೆಯೇ ನೋಡಿ. ಆಮೇಲೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಹಾಕಿ, ಹೊಸ ಥರ್ಮೋಸ್ಟಾಟ್ ಕೂರಿಸಿ.

ಸೀಸವಿಲ್ಲದ ಪೆಟ್ರೋಲ್ ಹಳೇ ಎಂಜಿನ್ನನ್ನು ತಿಂದುಹಾಕುತ್ತದೆ ಎಂಬ ಭಯವೂ ಅತಿಯಾದದ್ದು. ದೇಶದಲ್ಲಿ ಸೀಸ ನಿಂತದ್ದು 2000ದಲ್ಲಿ. ಸತತವಾಗಿ ವೇಗದಲ್ಲಿ ಓಡಿಸಿದರೆ ವಾಲ್ವ್ ಸೀಟು ಸವೆಯುವುದು ನಿಜ, ಮುಂದೆ ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಹಾಕಿಸಿದರಾಯಿತು. ಈಗ ಹೆಚ್ಚು ಗಮನ ಬೇಕಾದದ್ದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದಕ್ಕೆ ಮೆತ್ತಗಾಗುತ್ತವೆ, ಗಾಳಿಯ ತೇವವನ್ನೂ ಅದು ಹೀರುತ್ತದೆ. ಎಥೆನಾಲ್ ತಡೆಯುವ ಪೈಪು ಹಾಕಿಸಿ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ.

ಕೊನೆಯದಾಗಿ, ಹದಿನೈದು ವರ್ಷ ದಾಟಿದ ಕಾರು ಗುಜರಿಗೇ ಹೋಗಬೇಕು ಎಂಬ ಮಾತು. ಅಂಥ ನಿರ್ಬಂಧ ಬಂದದ್ದು ದೆಹಲಿ ಸುತ್ತಮುತ್ತಲ ಪ್ರದೇಶಕ್ಕೆ. ಇಲ್ಲಿ ಕೆಎ-25 ಇರಲಿ, ಕೆಎ-63 ಇರಲಿ, ಗಾಡಿ ಸುಸ್ಥಿತಿಯಲ್ಲಿದ್ದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರ ಕೇಂದ್ರ ನಿಯಮದಲ್ಲಿ ವಿಂಟೇಜ್ ನೋಂದಣಿಯೇ ಇದೆ. ಆದರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬ ಷರತ್ತಿದೆ. ಹಾಗಾಗಿ ಹೆರಾಲ್ಡಿಗೆ ಬೇರೆ ಕಾರಿನ ಎಂಜಿನ್ನು ಇಳಿಸುವ ಸಲಹೆ ಬಂದರೆ ಒಪ್ಪಬೇಡಿ. ಬಿಚ್ಚಿದ ಡೈನಮೊ, ಡೆಲ್ಕೊ, ಕಾರ್ಬೊರೇಟರುಗಳಿಗೆ ಚೀಟಿ ಕಟ್ಟಿ ಡಬ್ಬಿಯಲ್ಲಿಡಿ, ತೂಕಕ್ಕೆ ಹಾಕಬೇಡಿ.