ಕೈಯಲ್ಲಿ ಹಿಡಿಯುವ ಟ್ಯಾಗ್ ರೀಡರ್

ಟೋಲ್ ಗೇಟಿನ ಮೇಲೆ ಕೂರಿಸಿದ ಯಂತ್ರಕ್ಕೆ ಫಾಸ್ಟ್ಯಾಗ್ ಸಿಗದಿದ್ದಾಗ ಸಿಬ್ಬಂದಿ ವಾಹನದ ಮುಂಗಾಜಿನ ಹತ್ತಿರ ಹಿಡಿಯುವ ಉಪಕರಣವೇ ಹ್ಯಾಂಡ್‌ಹೆಲ್ಡ್ ರೀಡರ್. ಗೋದಾಮು, ಬಟ್ಟೆ ಮಳಿಗೆಗಳಲ್ಲಿ ದಾಸ್ತಾನು ಎಣಿಸುವುದಕ್ಕೂ ಇದೇ ಬಗೆಯ ಉಪಕರಣ ಬಳಕೆಯಲ್ಲಿದೆ. ಫಾಸ್ಟ್ಯಾಗ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ರೀಡರ್ ಹೊಮ್ಮಿಸುವ ರೇಡಿಯೊ ತರಂಗದಿಂದಲೇ ಅದರ ಚಿಪ್ ಶಕ್ತಿ ಪಡೆದು ತನ್ನ ಗುರುತಿನ ಸಂಖ್ಯೆಯನ್ನು ತಿಳಿಸುತ್ತದೆ. ಹಣವಂತೂ ಟ್ಯಾಗ್‌ನಲ್ಲಿ ಇರುವುದೇ ಇಲ್ಲ, ಅದಿರುವುದು ಟ್ಯಾಗ್‌ಗೆ ಜೋಡಿಸಿದ ಖಾತೆಯಲ್ಲಿ.

ಹೊಸ ರೀಡರಿನಲ್ಲಿ ಮೊದಲು ಆರಿಸಬೇಕಾದದ್ದು ದೇಶ. ಭಾರತದಲ್ಲಿ ಇಂಥ ಉಪಕರಣಗಳಿಗೆ ಪರವಾನಗಿಯಿಲ್ಲದೆ ಬಳಸಲು ಬಿಟ್ಟಿರುವ ತರಂಗಪಟ್ಟಿ 865 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತದೆ. ಅಮೆರಿಕದ್ದು 902ರಿಂದ 928. ಹೊರದೇಶದಿಂದ ತಂದ ರೀಡರನ್ನು ಹಾಗೆಯೇ ಚಾಲೂ ಮಾಡಿದರೆ ಬೇರೆ ಸೇವೆಗಳ ತರಂಗಕ್ಕೆ ಅಡ್ಡಿಯಾಗಬಹುದು, ಅದು ಕಾನೂನಿಗೂ ವಿರುದ್ಧ.

ಆಮೇಲಿನದು ಪವರ್. ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ. ಪರದೆಯಲ್ಲಿ ಇದು ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ: 30 ಎಂದರೆ ಒಂದು ವ್ಯಾಟ್, 27 ಎಂದರೆ ಅದರಲ್ಲಿ ಅರ್ಧ. ಟ್ಯಾಗ್ ಬೇಗ ಸಿಗಲಿ ಎಂದು ಗರಿಷ್ಠಕ್ಕೆ ಏರಿಸಿಡುವ ರೂಢಿ ಇದೆ. ಆಗ ಎದುರಿನ ಕಾರಿನ ಬದಲು ಪಕ್ಕದ ಸಾಲಿನ ಲಾರಿಯ ಟ್ಯಾಗ್ ಓದಿಬಿಡಬಹುದು, ಬ್ಯಾಟರಿಯೂ ಬೇಗ ಇಳಿಯುತ್ತದೆ. ಪವರ್ ಅರ್ಧಕ್ಕೆ ಇಳಿಸಿದರೂ ಓದುವ ದೂರ ಅರ್ಧವಾಗುವುದಿಲ್ಲ; ಬಯಲಿನಲ್ಲಿ ಸುಮಾರು ನೂರಕ್ಕೆ ಮೂವತ್ತರಷ್ಟು ಕುಗ್ಗುತ್ತದೆ, ಅಷ್ಟೆ. ಆದ್ದರಿಂದ ಕೆಳಗಿನಿಂದ ಶುರುಮಾಡಿ, ಬೇಕಾದ ದೂರದಲ್ಲಿ ಟ್ಯಾಗ್ ಸಲೀಸಾಗಿ ಸಿಗುವವರೆಗೆ ಏರಿಸಿ ಅಲ್ಲಿಗೇ ನಿಲ್ಲಿಸುವುದು ಸರಿಯಾದ ಕ್ರಮ.

ಸೆಷನ್ ಎಂಬ ಆಯ್ಕೆಯನ್ನು ಬಹುಮಂದಿ ಮುಟ್ಟುವುದೇ ಇಲ್ಲ. ಒಂದೇ ಟ್ಯಾಗ್ ಓದುವುದಕ್ಕೆ ಎಸ್0 ಸಾಕು. ನೂರಾರು ಪೆಟ್ಟಿಗೆ ಎಣಿಸುವಾಗ ಎಸ್2 ಇಟ್ಟರೆ, ಒಮ್ಮೆ ಉತ್ತರಿಸಿದ ಟ್ಯಾಗ್ ಸ್ವಲ್ಪ ಹೊತ್ತು ಸುಮ್ಮನಿದ್ದು ಉಳಿದವುಗಳಿಗೆ ಅವಕಾಶ ಕೊಡುತ್ತದೆ. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು.

ಇಷ್ಟಾದರೂ ಟ್ಯಾಗ್ ಸಿಗದಿದ್ದರೆ ಗಾಜನ್ನು ಗಮನಿಸಬೇಕು. ಲೋಹದ ತೆಳುಲೇಪನವಿರುವ ಗಾಜು ತರಂಗವನ್ನು ತಡೆಯುತ್ತದೆ. ಟ್ಯಾಗ್ ಮಡಚಿದ್ದರೆ ಒಳಗಿನ ಆಂಟೆನಾ ಹರಿದಿರಲೂಬಹುದು. ರೀಡರನ್ನು ಸ್ವಲ್ಪ ಓರೆ ಮಾಡಿ, ಪಕ್ಕಕ್ಕೆ ಸರಿಸಿ ನೋಡುವುದು ಪವರ್ ಏರಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಆಂಟೆನಾದ ಮುಖವನ್ನು ಯಾರ ಮೈಗೂ ಒತ್ತಿ ಹಿಡಿಯಬಾರದು. ಕೈಪಿಡಿಯಲ್ಲಿ ಹೇಳಿದಷ್ಟು ಅಂತರ ಇರಲೇಬೇಕು. ಪೇಸ್‌ಮೇಕರ್ ಇರುವವರ ಎದೆಯ ಹತ್ತಿರ ಅದನ್ನು ತರಲೇಬಾರದು. ಪೆಟ್ರೋಲ್ ಆವಿ ಇರುವ ಕಡೆ, ಅಂಥ ಜಾಗಕ್ಕೆಂದೇ ಪ್ರಮಾಣೀಕರಿಸಿದ ರೀಡರ್ ಮಾತ್ರ ಬಳಸಬೇಕು.

ಬ್ಯಾಟರಿ ಲಿಥಿಯಂ-ಅಯಾನ್ ಬಗೆಯದು. ಬಿಸಿಲಿಗೆ ಕಾದ ರೀಡರನ್ನು ನೆರಳಲ್ಲಿ ಆರಿಸಿಯೇ ಚಾರ್ಜಿಗೆ ಇಡಬೇಕು. ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಚಾರ್ಜ್ ಮಾಡುವಂತಿಲ್ಲ. ಮುಚ್ಚಳ ಸರಿಯಾಗಿ ಕೂರುತ್ತಿಲ್ಲವೆಂದರೆ ಬ್ಯಾಟರಿ ಉಬ್ಬಿರಬಹುದು. ಅದನ್ನು ಒತ್ತಿ ಕೂರಿಸಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ, ಕಸದ ಬುಟ್ಟಿಗೂ ಹಾಕಬೇಡಿ; ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ.